ಬರಿಗೈ ಸಾಹೇಬ

ಮಹಾಲಕ್ಷ್ಮೀ ಲೋಟಕ್ಕೆ ಅರ್ಧವೇ ಕಾಫಿ ಹಾಕಿ ತಂದಿಟ್ಟಳು. ಹೀಗೆ ಅರ್ಧ ಹಾಕುವುದನ್ನು ಅವಳು ಯಾವಾಗ ಶುರುಮಾಡಿದಳೋ, ಸಬ್ ಇನ್ಸ್‌ಪೆಕ್ಟರ್ ಅಂಜನಪ್ಪನಿಗೆ ನೆನಪಿಲ್ಲ. ಯಾಕೆ ಎಂದು ಅವನು ಕೇಳಿಲ್ಲ, ಅವಳಾಗಿ ಹೇಳಿಲ್ಲ. ಅಷ್ಟು ಕುಡಿದು ಮುಗಿಸಿದ ಮೇಲೆ ಇನ್ನರ್ಧ ತರುತ್ತಾಳೆ. ತುಂಬಿದ ಲೋಟ ಅವನ ಬಲಗೈಯಲ್ಲಿ ತುಳುಕುತ್ತದೆ, ತುಳುಕಿದ್ದು ಖಾಕಿ ಅಂಗಿಯ ಮೇಲೆ ಬೀಳುತ್ತದೆ, ಬಿದ್ದ ಕಲೆಯನ್ನು ಠಾಣೆಯಲ್ಲಿ ಪೇದೆಗಳು ನೋಡುತ್ತಾರೆ. ಇಷ್ಟನ್ನೂ ಇವಳು ಒಲೆಯ ಮುಂದೆ ನಿಂತೇ ಕಂಡುಹಿಡಿದಿದ್ದಾಳಲ್ಲ, ಜೀವಮಾನವೆಲ್ಲ ಪೊಲೀಸ್ ಕೆಲಸ ಮಾಡಿದವನು ತಾನೋ ಇವಳೋ ಎಂದು ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಕೈ ಇನ್ನಷ್ಟು ನಡುಗುತ್ತದೆ. ಎಡಗೈಯಲ್ಲಿ ಲೋಟ ಎತ್ತಿ ಕುಡಿದ. ರಸ್ತೆಯಾಚೆ ಗಂಧದ ಕೆತ್ತನೆಯವರ ಮನೆಯಿಂದ ಉಳಿಯ ಸದ್ದು ಬರುತ್ತಿತ್ತು, ಕಟ್ ಕಟ್ ಎಂದು ಒಂದೇ ಅಳತೆಯಲ್ಲಿ. ಆ ಸದ್ದು ಕೇಳಿದರೆ ಅವನಿಗೆ ಹೊಟ್ಟೆಕಿಚ್ಚು. ಸಾಗರಕ್ಕೆ ವರ್ಗವಾಗಿ ಬಂದ ದಿನದಿಂದ ಬೆಳಿಗ್ಗೆ ಎದ್ದರೆ ಇದೊಂದು ಶನಿ.

ಮೇಜಿನ ಮೇಲೆ, ಹಳೆಯ ಟವೆಲಿನಲ್ಲಿ ಸುತ್ತಿಟ್ಟ ರಿವಾಲ್ವರು ಇತ್ತು. ನಿನ್ನೆ ಸಂಜೆ ದಫೇದಾರ್ ಮಾಸ್ತಪ್ಪ ಠಾಣೆಯ ಬಂದೂಕಿನ ಕೋಣೆಯಿಂದ ತೆಗೆದು, ಎಣ್ಣೆ ಹಾಕಿ ಒರೆಸಿ ತಂದಿದ್ದ. "ಭಾಳ ದಿನ ಆತು ಸಾರ್ ಇದು ಹೊರಗೆ ಬಂದು," ಎಂದಿದ್ದ. ಆ ಮಾತಿನಲ್ಲಿ ಮರ್ಯಾದೆ ಎಷ್ಟಿತ್ತು, ಕುಹಕ ಎಷ್ಟಿತ್ತು ಎಂದು ಅಂಜನಪ್ಪ ರಾತ್ರಿಯೆಲ್ಲ ಹೊರಳಾಡಿದ್ದ. ಸರ್ಕಲ್ ಇನ್ಸ್‌ಪೆಕ್ಟರ್ ಮುಕುಂದಯ್ಯನ ಹುಕುಂ: ಮುತ್ತಲಬಯಲಿನವರನ್ನು ಎಬ್ಬಿಸುವ ದಿನ ಒಬ್ಬೊಬ್ಬ ಆಫೀಸರೂ ಸೊಂಟಕ್ಕೆ ಆಯುಧ ಕಟ್ಟಿಕೊಂಡೇ ಬರಬೇಕು. ಶರಾವತಿಗೆ ಕಟ್ಟೆ ಕಟ್ಟಿಯಾಗಿದೆ, ಈ ಮಳೆಗಾಲಕ್ಕೆ ಹಿನ್ನೀರು ಮುತ್ತಲಬಯಲನ್ನು ನುಂಗುತ್ತದೆ, ಊರಿನವರು ಮಾತ್ರ ಹೊಸ ಜಾಗದಲ್ಲಿ ಬಾವಿ ತೋಡಿಸಿಕೊಡದೆ ಏಳುವುದಿಲ್ಲ ಎಂದು ಕೂತಿದ್ದಾರೆ. ಏಳದೆ ಕೂರುವುದೊಂದೇ ಅವರ ಕೈಲಿ ಉಳಿದಿರುವುದು. ಕೋವಿ ತರುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟವನು ಇದೇ ಅಂಜನಪ್ಪ.

ಆಫೀಸರುಗಳ ಆಯುಧದ ಚಪಲ ಊಟದ ಚಪಲವಿದ್ದಂತೆ, ಒಬ್ಬನ ಸಾರು ಇನ್ನೊಬ್ಬನಿಗೆ ಕಲಗಚ್ಚು. ತೀರ್ಥಹಳ್ಳಿಯಲ್ಲಿ ಅವನು ಹೊಸದಾಗಿ ಸೇರಿದಾಗ ಮೇಲಿದ್ದ ಇನ್ಸ್‌ಪೆಕ್ಟರು ದೊಡ್ಡ ವೆಬ್ಲಿ ರಿವಾಲ್ವರನ್ನು ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಮೂವತ್ತೆಂಟರ ಸಣ್ಣ ರಿವಾಲ್ವರನ್ನು 'ಹೆಂಗಸರ ಅಡಕತ್ತರಿ' ಎನ್ನುತ್ತಿದ್ದರು. ಶಿವಮೊಗ್ಗದಲ್ಲಿ ಇನ್ನೊಬ್ಬ ಮಹಾನುಭಾವ ಸ್ವಂತ ದುಡ್ಡಿನಲ್ಲಿ ಅಂಗೈಯಗಲದ ಪಿಸ್ತೂಲು ಕೊಂಡು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ, ಕಾಣುವ ಕೋವಿ ಪೇದೆಗಳಿಗೆ, ಕಾಣದ ಕೋವಿ ಸಾಹೇಬರಿಗೆ ಎಂದು ಅವನ ತತ್ವ. ಅಂಜನಪ್ಪ ಆಗ ದೊಡ್ಡ ವೆಬ್ಲಿಯ ಭಕ್ತ. ಅಬ್ಬ, ಏನು ತೂಕ ಅದರದು! ಬಲ ಸೊಂಟದ ಮೇಲೆ ಅದು ಕೂತರೆ ಮೈಯೇ ಒಂದು ಕಡೆ ವಾಲುತ್ತಿತ್ತು, ವಾಲಿದ ಆ ನಡಿಗೆಗೆ ಪೇಟೆಯ ಸಾಹುಕಾರರು ಗಲ್ಲಾದಿಂದ ಎದ್ದು ನಿಲ್ಲುತ್ತಿದ್ದರು. ಮದುವೆಯಾದ ಹೊಸತರಲ್ಲಿ ಮಹಾಲಕ್ಷ್ಮೀ, "ಇದನ್ನ ಬಿಚ್ಚಿಟ್ಟಾಗ್ಲೂ ವಾಲಿಕೊಂಡೇ ನಡೀತೀರಲ್ರೀ," ಎಂದು ನಕ್ಕಿದ್ದಳು. ಆ ನಗು ಈಗ ಎಲ್ಲಿ ಹೋಯಿತೋ. ಹೊಸನಗರದಲ್ಲಿದ್ದಾಗ ಒಂದು ಬೆಳಿಗ್ಗೆ, ಗುಂಡು ಹೊಡೆಯುವ ಮೈದಾನದಲ್ಲಿ, ತೋಳು ಚಾಚಿ ಗುರಿ ಹಿಡಿದರೆ ವೆಬ್ಲಿಯ ತುದಿ ತಾನಾಗಿ ಅಲ್ಲಾಡಿತು. ಹಿಂದೆ ಸಾಲಾಗಿ ನಿಂತಿದ್ದವರ ಉಸಿರು ಕುತ್ತಿಗೆಗೆ ತಾಗಿದ ಹಾಗಾಯಿತು. ಯಾರಾದರೂ ನೋಡುತ್ತಿದ್ದಾರೆ ಎಂದರೆ ಸಾಕು, ಈ ದರಿದ್ರ ಕೈ ಹೆಚ್ಚು ಕುಣಿಯುತ್ತದೆ. ಹೊಡೆಯದೆ ಕೆಳಗಿಳಿಸಿ, "ಕಾಡಲ್ಲಿ ಓಡೋನಿಗೆ ಇಷ್ಟು ಭಾರ ಯಾಕ್ರಯ್ಯ? ಹಗುರ ಇರ್ಬೇಕು," ಎಂದು ಅಲ್ಲೇ ಒಂದು ಭಾಷಣ ಬಿಗಿದ. ಮೂವತ್ತೆಂಟು ಬಂತು. ಅವನ ಮಾತು ಕೇಳಿ ಇಬ್ಬರು ಹುಡುಗ ಆಫೀಸರುಗಳೂ ತಮ್ಮ ವೆಬ್ಲಿ ವಾಪಸು ಕೊಟ್ಟು ಅಡಕತ್ತರಿ ಕಟ್ಟಿಕೊಂಡರು. ಅವರ ಮುಖ ನೋಡಿದಾಗಲೆಲ್ಲ ಅಂಜನಪ್ಪನಿಗೆ ನಾಚಿಕೆಯಾಗುತ್ತಿತ್ತು.

ಆಮೇಲೆ ಮೂವತ್ತೆಂಟೂ ಅಲ್ಲಾಡತೊಡಗಿತು. ಸಾಗರಕ್ಕೆ ಬರುವಷ್ಟರಲ್ಲಿ ಹೊಸ ತತ್ವ ಸಿದ್ಧವಾಗಿತ್ತು: ಪೊಲೀಸಿನವನಿಗೆ ನಾಲಿಗೆಯೇ ಆಯುಧ, ಮಿಕ್ಕಿದ್ದೆಲ್ಲ ಕಬ್ಬಿಣ. ಜನ ಮರುಳೋ ಜಾತ್ರೆ ಮರುಳೋ, ಊರಿಗೆ ಊರೇ ಅದನ್ನು ನಂಬಿತು. ಕೋವಿ ಮುಟ್ಟದ ಸಾಹೇಬ, ಬರಿಗೈ ಸಾಹೇಬ ಎಂದು ಹೆಸರಾಯಿತು. ಹೈಸ್ಕೂಲಿನ ಹೆಡ್‌ಮಾಸ್ತರರು ಗಾಂಧಿ ಜಯಂತಿಗೆ ಕರೆದು ಹಾರ ಹಾಕಿದರು, ಅವನು ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಹಿಂಸೆಯ ಮೇಲೆ ಮಾತಾಡಿದ, ಹೆಂಗಸರು ಕಣ್ಣು ಒರೆಸಿಕೊಂಡರು. ಶಿವಮೊಗ್ಗದ ಡಾಕ್ಟರು ಮಾತ್ರ ನಂಬಲಿಲ್ಲ. ಪಂಚೆ ಉಟ್ಟು, ಅಡಿಕೆ ಮಂಡಿಯ ಗುಮಾಸ್ತ ಎಂದು ಹೇಳಿಕೊಂಡು ಹೋಗಿದ್ದವನಿಗೆ ಅವರು, "ನರದ್ದು ಇದು, ಹೆಚ್ಚುತ್ತೆ, ಕಮ್ಮಿ ಆಗೋದಿಲ್ಲ. ಸದ್ಯ ನೀವು ಲೆಕ್ಕ ಬರೆಯೋ ಕೆಲಸದವರು," ಎಂದಿದ್ದರು. ಇಲಾಖೆಗೆ ತಿಳಿದರೆ ಅವತ್ತೇ ಮನೆಗೆ. ಕೈ ನಡುಗುವವನಿಗೆ ಸರ್ಕಾರ ಲಾಠಿಯನ್ನೂ ಕೊಡುವುದಿಲ್ಲ. ಖಾಕಿ ಬಿಚ್ಚಿದ ಮೇಲೆ ತಾನು ಯಾರು? ಕೂತು ಅರ್ಧ ಲೋಟ ಕಾಫಿ ಕುಡಿಯುವ ಒಬ್ಬ ಮುದುಕ. ಈ ಯೋಚನೆ ಬಂದರೆ ಅವನಿಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು, ಕಳ್ಳರಿಗೂ ಹುಲಿಗೂ ಆಗದಂಥ ಹೆದರಿಕೆ.

ಎದ್ದು, ಟವೆಲು ಬಿಚ್ಚಿ, ರಿವಾಲ್ವರನ್ನು ಅಂಗಿಯ ಒಳಗೆ ಹೊಟ್ಟೆಗೆ ಒತ್ತಿಟ್ಟು, ಅದರ ಮೇಲೆ ಪಂಚೆಯ ತುಂಡೊಂದನ್ನು ಬಿಗಿದು ಸುತ್ತಿದ. ಹೊಟ್ಟೆ ಬಂದದ್ದು ಇವತ್ತು ಉಪಕಾರಕ್ಕಾಯಿತು, ಅಂಗಿ ಇಳಿಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಇನ್ಸ್‌ಪೆಕ್ಟರಿಗೆ ಉಂಟು, ಊರಿನವರಿಗೆ ಇಲ್ಲ. ಮಹಾಲಕ್ಷ್ಮೀ ಉಳಿದರ್ಧ ಕಾಫಿ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅವರಿಗೆ ಮಾತು ಕೊಟ್ಟಿದ್ರಿ."

"ಕಾಣೋದಿಲ್ಲ ಬಿಡು."

"ಕಾಣದಿದ್ರೆ ಇಲ್ಲ ಅಂತಲಾ?"

"ನಿಂಗೆ ಇದೆಲ್ಲ ಅರ್ಥ ಆಗೋದಿಲ್ಲ," ಎಂದ. ಅವಳು ಲೋಟವನ್ನು ಮೇಜಿನ ಮೇಲಿಟ್ಟು, "ನೀವು ಇನ್ಸ್‌ಪೆಕ್ಟರಿಗೆ ಕೈ ತೋರಿಸಿಬಿಡಿ. ಮನೆಗೆ ಕಳಿಸಿದ್ರೆ ಕಳಿಸ್ಲಿ. ಗಂಜಿ ಕುಡಿಯೋಣ, ನಂಗೇನು," ಎಂದಳು. ಮೊದಲ ಸಲ ಅವಳು ಕೈಯ ವಿಷಯ ಬಾಯಿಬಿಟ್ಟು ಆಡಿದ್ದು. ಅವನು ಟೋಪಿ ಹಾಕಿಕೊಂಡು ಹೊರಟ. ಕಾಫಿ ಹಾಗೇ ಉಳಿಯಿತು.

ಹೊಳೆಬಾಗಿಲಿನ ದಾರಿಯಲ್ಲಿ ಜೀಪು ಧೂಳೆಬ್ಬಿಸಿಕೊಂಡು ಓಡುತ್ತಿತ್ತು. ಮುಂದೆ ಕೂತ ಮುಕುಂದಯ್ಯ ವಯಸ್ಸಿನಲ್ಲಿ ಅವನಿಗಿಂತ ಎಷ್ಟೋ ಚಿಕ್ಕವನು. ಹಿಂತಿರುಗಿ ಅವನ ಸೊಂಟ ನೋಡಿ, "ಎಲ್ರೀ ನಿಮ್ಮದು?" ಎಂದ. ಅಂಜನಪ್ಪ ಹೊಟ್ಟೆ ತಟ್ಟಿಕೊಂಡು, "ಇಲ್ಲಿದೆ ಸಾರ್, ಒಳಗೆ," ಎಂದ. "ಬಸುರಿ ಹೆಂಗಸರ ಹಾಗೆ!" ಎಂದು ಮುಕುಂದಯ್ಯ ನಕ್ಕ, ಡ್ರೈವರೂ ನಕ್ಕ, ಹಿಂದಿದ್ದ ಮಾಸ್ತಪ್ಪ ಕಿಟಕಿಯಾಚೆ ನೋಡಿದ. ಅವಮಾನ ನುಂಗಿಕೊಂಡೇ ಅಂಜನಪ್ಪ, ರೈಫಲಿನವರನ್ನು ಗದ್ದೆಯ ಆಚೆ ಎತ್ತರದ ದರೆಯ ಹತ್ತಿರವೇ ನಿಲ್ಲಿಸಬೇಕು, ಊರೊಳಗೆ ತಾನೊಬ್ಬನೇ ಹೋಗುತ್ತೇನೆ ಎಂದು ಬೇಡಿಕೊಂಡ. "ಮಧ್ಯಾಹ್ನದವರೆಗೆ ನಿಮ್ಮ ಗಾಂಧಿ ಆಟ. ಆಮೇಲೆ ನಾನು ಬರ್ತೀನಿ," ಎಂದ ಮುಕುಂದಯ್ಯ. ಹೊಟ್ಟೆಗೆ ಒತ್ತಿದ ಕಬ್ಬಿಣ ಮೊದಲು ತಣ್ಣಗಿದ್ದದ್ದು ಈಗ ಮೈಯಷ್ಟೇ ಬೆಚ್ಚಗಾಗಿ, ಅದು ಎಲ್ಲಿ ಮುಗಿಯಿತು ತಾನು ಎಲ್ಲಿ ಶುರುವಾದೆ ಎಂದು ತಿಳಿಯುತ್ತಿರಲಿಲ್ಲ. ಹೊಸನಗರದ ಆಚೆ, ಮುತ್ತಲಬಯಲಿನವರಿಗೆಂದು ಗುರುತು ಮಾಡಿದ ಆ ಗುಡ್ಡ ನೆನಪಾಯಿತು. ಹೋದ ತಿಂಗಳು ಬಂದೋಬಸ್ತಿಗೆ ಹೋದಾಗ ಕಂಡಿದ್ದ. ಕಡಿದ ಮರಗಳ ಬೊಡ್ಡೆಗಳ ನಡುವೆ ನಾಲ್ಕು ತಟ್ಟಿ ಗುಡಿಸಲು, ಮುಂಚೆ ಬಂದವರ ಗುಡಿಸಲು. ಬಾವಿ ಎಂದು ತೋಡಿದ್ದ ಗುಂಡಿಯಲ್ಲಿ ಕೆಂಪು ಮಣ್ಣು ಬಿಟ್ಟರೆ ಇನ್ನೇನಿಲ್ಲ. ಒಬ್ಬಳು ಹೆಂಗಸು ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದವಳು ಖಾಕಿ ಕಂಡು ನಿಂತು, ದಾರಿ ಬಿಟ್ಟು ಮತ್ತೆ ಹತ್ತಿದಳು. ಇದನ್ನು ಅವನು ಮುತ್ತಲಬಯಲಿನವರಿಗೆ ಹೇಳಲಿಲ್ಲ. ಅವರು ಕೇಳಲಿಲ್ಲ, ತಾನು ಹೇಳಲಿಲ್ಲ, ಅದು ಸುಳ್ಳಾಗುತ್ತದೆಯೇ?

ಹೋದ ವಾರ ಅವನ ಹತ್ತಿರ ಬಂದಿದ್ದವರು ಇಬ್ಬರು: ಊರ ದೇವತೆ ಚೌಡಿಗೆ ಪೂಜೆ ಮಾಡುವ ಹುಲಿಯಪ್ಪ, ಅವನ ಅಕ್ಕ ಕನ್ನಮ್ಮ. ಚೌಡಿಯನ್ನು ಪೀಠದಿಂದ ಎಬ್ಬಿಸದೆ ಊರು ಏಳುವ ಹಾಗಿಲ್ಲ. ಬಾವಿಯಾಗದಿದ್ದರೂ ಅಮ್ಮ ತಲೆಯ ಮೇಲಿನ ಹೂ ಕೊಟ್ಟರೆ ಹೋಗುವುದು, ಕೊಡದಿದ್ದರೆ ನೀರು ಬರಲಿ ಎಂದು ಕೂರುವುದು. ಎಬ್ಬಿಸುವಾಗ ದೀಪ ಹಿಡಿದು ಮುಂದೆ ನಡೆಯುವವನು ಹೊರಗಿನವನಾಗಬೇಕು. "ಊರೋರು ಮುಂದಾದ್ರೆ ಅಮ್ಮ ತಿರುಗಿ ಮನೆಗೇ ಹೋಗ್ತಾಳೆ ಸಾಹೇಬ್ರೇ, ಹೆಣ್ಮಕ್ಕಳ ಬುದ್ಧಿ," ಎಂದಿದ್ದ ಹುಲಿಯಪ್ಪ. ಆದರೆ ಆಯುಧ ಮಾತ್ರ ಅವಳ ಕಣ್ಣಿಗೆ ಬೀಳಬಾರದು. ಬಿದ್ದರೆ ಅವಳು ಕಲ್ಲಿನಲ್ಲಿ ನಿಲ್ಲುವುದಿಲ್ಲ, ಎತ್ತಿಕೊಂಡು ಹೋಗುವುದು ಬರೀ ಕಲ್ಲನ್ನೇ. "ಕೋವಿ ಇಲ್ಲದ ಪೊಲೀಸು ಈ ಸೀಮೇಲಿ ನೀವೊಬ್ರೇ," ಎಂದು ಕನ್ನಮ್ಮ ಎಲೆ ಅಡಿಕೆ ನೀಡಿದ್ದಳು. ಅವನು ಎಡಗೈ ಚಾಚಿದ. ಅವಳು ಕೊಡದೆ ಕಾದಳು, ವೀಳ್ಯವನ್ನು ಎಡಗೈಯಲ್ಲಿ ಯಾರು ತೆಗೆದುಕೊಳ್ಳುತ್ತಾರೆ? ಬಲಗೈ ಚಾಚಿ ಬೇಗ ಕಸಿದ ಹಾಗೆ ತೆಗೆದುಕೊಂಡಿದ್ದ.

ಮುತ್ತಲಬಯಲಿನಲ್ಲಿ ಆಗಲೇ ಅರ್ಧ ಮನೆಗಳ ಮಾಡು ಬಿಚ್ಚಿತ್ತು. ಏಳುವುದೋ ಕೂರುವುದೋ ತಿಳಿಯದೆ ಜನ ಎರಡಕ್ಕೂ ಸಿದ್ಧವಾಗಿದ್ದರು, ಒಂದು ಜಗಲಿಯಲ್ಲಿ ಗಂಟುಮೂಟೆ, ಪಕ್ಕದ ಜಗಲಿಯಲ್ಲಿ ಹಂಡೆಗೆ ಉರಿ. ಕತ್ತಿ, ಕುಡಗೋಲು, ಈಳಿಗೆಮಣೆ, ಎಲ್ಲವನ್ನೂ ಹೆಡಿಗೆಗಳಲ್ಲಿ ತುಂಬಿ ಕಂಬಳಿ ಮುಚ್ಚಿ ಊರ ಕೆಳಗಿನ ಗದ್ದೆಗೆ ಸಾಗಿಸಿದ್ದರು. ಚೌಡಿಯ ಬನದ ಬಾಯಲ್ಲಿ ಹುಲಿಯಪ್ಪ ಅಂಜನಪ್ಪನನ್ನು ತಡೆದು, "ಬೆಲ್ಟು, ಅಂಗಿ ತೆಗ್ದು ಒಂದು ಪಂಚೆ ಉಟ್ಕಂಡ್ ಬಿಡಿ ಸಾಹೇಬ್ರೇ. ಹಂಗೆ ಮಾಡದು ಪದ್ಧತಿ," ಎಂದ. ಅಂಜನಪ್ಪ, ಸರ್ಕಾರಿ ಕೆಲಸದ ಮೇಲಿದ್ದಾಗ ಅಂಗಿ ಬಿಚ್ಚುವ ಹಾಗಿಲ್ಲ, ರೂಲ್ಸು ಎಂದು ತೊದಲಿದ. ಹುಲಿಯಪ್ಪ ಅನುಮಾನದಿಂದ ನೋಡಿದ. ಕನ್ನಮ್ಮನೇ ಮುಂದೆ ಬಂದು, "ಬಿಡಾ ಹುಲ್ಯಾ. ಅದು ಗೌರ್ಮೆಂಟಿನ ಬಟ್ಟೆ. ಅದ್ರೊಳಗೆ ಇರೋ ಮನುಷ್ಯ ಬರಿಗೈ ಮನುಷ್ಯ, ನಾ ಬಲ್ಲೆ," ಎಂದು ತಮ್ಮನನ್ನು ಗದರಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಆದರೂ ಬೂಟು ಬಿಚ್ಚಿಟ್ಟು ಒಳಗೆ ನಡೆದ.

ಚೌಡಿ ಎಂದರೆ ಮೊಣಕಾಲೆತ್ತರವೂ ಇಲ್ಲದ ಕರಿ ಕಲ್ಲು, ಎಣ್ಣೆ ಕುಂಕುಮ ಹತ್ತಿ ಹತ್ತಿ ಮುಖವೊಂದು ಮೂಡಿದಂತಿತ್ತು. ತಲೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ದಾಸವಾಳ. ಬಲದ ಹೂ ಬಿದ್ದರೆ ಹೊರಡು, ಎಡದ್ದು ಬಿದ್ದರೆ ಕೂರು. ಹುಲಿಯಪ್ಪ ಕೈಮುಗಿದು ಕೇಳಿದ, ಹೆಂಗಸರು ಕೇಳಿದರು, ಯಾವ ಹೂವೂ ಅಲ್ಲಾಡಲಿಲ್ಲ. ಹೊತ್ತು ಏರಿತು. ಬಿಸಿಲು ಮರಗಳ ನಡುವೆ ಇಳಿದು ಕಲ್ಲಿನ ಮೇಲೆ ಬಂತು. ದೀಪದ ತಟ್ಟೆ ಅಂಜನಪ್ಪನ ಕೈಯಲ್ಲಿತ್ತು, ಎರಡೂ ಕೈಯಲ್ಲಿ ಹಿಡಿದಿದ್ದರಿಂದ ಹೇಗೋ ನಿಂತಿತ್ತು. ದರೆಯ ಕಡೆ ನೋಡಿದರೆ ಮುಕುಂದಯ್ಯ ಜೀಪಿನಿಂದ ಇಳಿದು ನಿಂತಿದ್ದ, ಕೂತಿದ್ದ ರೈಫಲಿನವರು ಒಬ್ಬೊಬ್ಬರಾಗಿ ಏಳುತ್ತಿದ್ದರು. ಬೇಗ ಬೀಳು ತಾಯಿ, ಯಾವುದಾದರೂ ಒಂದು ಬೀಳು ಎಂದು ಅವನೂ ಬೇಡಿಕೊಂಡ, ದೇವರನ್ನು ನಂಬದವನು. "ಸಾಹೇಬ್ರೇ, ತಟ್ಟೆ ಬಲಗೈಯಾಗೆ ಎತ್ತಿ ಬೆಳಗಿ," ಎಂದ ಹುಲಿಯಪ್ಪ. ಎತ್ತಿದ. ಎಲ್ಲರ ಕಣ್ಣೂ ಆ ಕೈಯ ಮೇಲೆ ನೆಟ್ಟವು. ಕೈ ನಡುಗಿತು. ಮೊದಲು ಬತ್ತಿಯ ಕುಡಿ, ಆಮೇಲೆ ತಟ್ಟೆ, ಆಮೇಲೆ ಮೊಣಕೈವರೆಗೆ ತೋಳು. ಎಣ್ಣೆ ಚೆಲ್ಲಿ ಮಣಿಕಟ್ಟು ಸುಟ್ಟಿತು. ಹಿಡಿದು ನಿಲ್ಲಿಸಬೇಕೆಂದಷ್ಟೂ ಹೆಚ್ಚಾಗಿ, ನಡುಕ ಭುಜ ಹಿಡಿದು ಹಲ್ಲಿಗೆ ಬಂತು. ಆಯಿತು, ಎಲ್ಲ ಗೊತ್ತಾಯಿತು, ಇಷ್ಟು ವರ್ಷ ಮುಚ್ಚಿಟ್ಟದ್ದು ಇಷ್ಟು ಜನರ ಕಣ್ಣ ಮುಂದೆ ಗೊತ್ತಾಯಿತು ಎಂದು ಅವನು ಕಣ್ಣು ಮುಚ್ಚಿದ.

"ಅಮ್ಮ ಬಂದ್ಲು!" ಎಂದು ಯಾರೋ ಹೆಂಗಸು ಕೂಗಿದಳು. "ಸಾಹೇಬ್ರ ಮೈಮೇಲೆ ಬಂದ್ಲು!"

ಕಣ್ಣು ಬಿಟ್ಟರೆ ಊರೆಲ್ಲ ನೆಲಕ್ಕೆ ಬಿದ್ದಿತ್ತು. ಬಾವಿ ತೋಡಿಸಿಯೇ ಏಳುವುದೆಂದು ಠಾಣೆಗೆ ಬಂದು ಎದೆ ಸೆಟೆಸಿ ಮಾತಾಡಿದ್ದ ಗಂಡಸರೂ ಮಣ್ಣಿಗೆ ಹಣೆ ಹಚ್ಚಿದ್ದರು. ಕನ್ನಮ್ಮ ಅವನ ಪಾದಗಳನ್ನು ಹಿಡಿದುಕೊಂಡಿದ್ದಳು. ಹುಲಿಯಪ್ಪ ಕಣ್ಣೀರು ಸುರಿಸುತ್ತ, "ಹೂವಾಗೆ ಹೇಳದೆ ಬಾಯಾಗೆ ಹೇಳಾಕ್ ಬಂದ್ಯಾ ತಾಯೀ? ಹೇಳು. ಹೋಗಾದೋ, ಇಲ್ಲೇ ಇರಾದೋ? ಅಲ್ಲಿ ನಮ್ಗೆ ನೀರು ನೆಳ್ಳು ಸಿಗ್ತದೋ ಇಲ್ವೋ?" ಎಂದ. ಇಲ್ಲ ಎಂಬ ಮಾತು ಅಂಜನಪ್ಪನ ಬಾಯಿಯವರೆಗೆ ಬಂದಿತ್ತು, ಕೆಂಪು ಮಣ್ಣಿನ ಆ ಗುಂಡಿ ಕಣ್ಣ ಮುಂದೆಯೇ ಇತ್ತು. ದರೆಯ ಹತ್ತಿರ ರೈಫಲಿನವರು ಸಾಲು ಕಟ್ಟಿದ್ದರು, ಇಲ್ಲ ಎಂದರೆ ಅವರು ಇಳಿದು ಬರುತ್ತಾರೆ, ಅದೂ ನಿಜ. ಆದರೆ ಅವನು ಬಾಯಿ ತೆರೆದದ್ದು ಅದಕ್ಕಲ್ಲ. ತಲೆಯೆತ್ತಿದ ಅಷ್ಟೂ ಜನ ಅವನ ಕೈಯನ್ನೇ ನೋಡುತ್ತಿದ್ದರು. ಆ ಕಣ್ಣುಗಳು ಆ ಕೈಯಿಂದ ಆಚೆ ಹೋದರೆ ಸಾಕಿತ್ತು ಅವನಿಗೆ, ಅಷ್ಟೇ, ಬೇರೇನೂ ಬೇಡವಾಗಿತ್ತು.

"ಹೋಗಿ ಮಕ್ಕಳೇ," ಎಂದ. "ಎಲ್ಲಾ ಸಿಗುತ್ತೆ. ಹೋಗಿ."

ಎದ್ದರು. ಅಷ್ಟು ದಿನ ಲಾಠಿಗೂ ಬೆದರಿಕೆಗೂ ಏಳದವರು ಮದುವೆ ಮನೆಗೆ ಹೊರಟಂತೆ ಗಡಿಬಿಡಿಯಿಂದ ಎದ್ದರು. ಹುಲಿಯಪ್ಪ ಕಲ್ಲನ್ನು ತಬ್ಬಿ ಎತ್ತಿದ, ದಾಸವಾಳ ಎರಡೂ ಒಟ್ಟಿಗೆ ಉದುರಿ ಕಾಲಡಿಗೆ ಸಿಕ್ಕವು, ಯಾರೂ ನೋಡಲಿಲ್ಲ. ಅಂಜನಪ್ಪ ಆರಿದ ದೀಪ ಹಿಡಿದು ಮುಂದೆ ನಡೆದ. ಲಾರಿಗಳು ತುಂಬಿದವು. ಮುಕುಂದಯ್ಯ ದರೆ ಇಳಿದು ಓಡಿ ಬಂದು ಅವನ ಬೆನ್ನು ತಟ್ಟಿ, "ನೀವು ನಾಟಕದ ಕಂಪನಿಗೆ ಸೇರಬೇಕಿತ್ತು ಕಣ್ರೀ! ಒಂದು ಗುಂಡಿಲ್ಲ, ಒಂದು ಲಾಠಿ ಏಟಿಲ್ಲ. ಆ ನಡುಕ, ಆ ಹಲ್ಲು ಕಡಿಯೋದು, ಆಹಾ! ಮೇಲಿನವರಿಗೆ ನಿಮ್ಮ ಹೆಸರು ಹೇಳೇ ಹೇಳ್ತೀನಿ," ಎಂದ. ಮಾಸ್ತಪ್ಪ ಒಬ್ಬನೇ ನಗಲಿಲ್ಲ. ಅವನು ಸಾಹೇಬರ ಸುಟ್ಟ ಮಣಿಕಟ್ಟನ್ನು ನೋಡುತ್ತ ನಿಂತಿದ್ದ. ತಾನು ಗೆದ್ದೆ ಎಂದು ಅಂಜನಪ್ಪನಿಗೆ ಹೊಳೆಯಿತು. ಇನ್ನು ಯಾರೂ ಕೇಳುವುದಿಲ್ಲ, ಈ ಕೈ ಎಲ್ಲಿ ಬೇಕಾದರೂ ನಡುಗಬಹುದು, ಜನ ಕೈಮುಗಿಯುತ್ತಾರೆ. ಬೇಲಿಯ ಮರೆಗೆ ಹೋಗಿ ಬೆಳಗಿನ ಅರ್ಧ ಲೋಟ ಕಾಫಿಯನ್ನು ಕಾರಿಕೊಂಡ.

ಕೊನೆಯ ಲಾರಿಯ ಹಿಂಬದಿಯಲ್ಲಿ ಹಾಸಿಗೆ ಸುರುಳಿಗಳ ನಡುವೆ ಕನ್ನಮ್ಮ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಚೌಡಿ, ಮಗುವನ್ನು ಕೂರಿಸಿಕೊಂಡ ಹಾಗೆ, ಮುಖ ಹೊರಗೆ. ಅಂಜನಪ್ಪ ಹಲಗೆ ಹಿಡಿದುಕೊಂಡು ನಿಂತ.

"ಕನ್ನಮ್ಮ, ಇಳಿ. ನಿನ್ನ ತಮ್ಮಂಗೂ ಹೇಳು. ಅಲ್ಲಿ ನೀರಿಲ್ಲ. ನಾನು ಕಣ್ಣಾರೆ ನೋಡಿದೀನಿ. ಬಾವಿ ಆಗೋವರೆಗೆ ಏಳಬೇಡಿ."

ಅವಳು ಅವನ ಮುಖವನ್ನು ಕರುಣೆಯಿಂದ ನೋಡಿದಳು. "ಅಮ್ಮ ಹೋಗಿ ಅಂದಾಳಲ್ಲ ಸಾಹೇಬ್ರೇ."

"ಅಮ್ಮ ಅಲ್ಲ ಮಾರಾಯ್ತಿ, ನಾನು ಅಂದದ್ದು. ನಂಗೆ ಕೈ ನಡುಗೋ ಕಾಯಿಲೆ. ಡಾಕ್ಟ್ರು ಹೇಳಿದಾರೆ. ಯಾವ ದೇವರೂ ಬಂದಿಲ್ಲ, ಕಾಯಿಲೆ ಅದು, ನೋಡು, ಈಗ್ಲೂ ನಡುಗ್ತಿದೆ." ಅಷ್ಟು ವರ್ಷದಲ್ಲಿ ಮೊದಲ ಸಲ ಅವನಾಗಿ ಆ ಕೈಯನ್ನು ಇನ್ನೊಬ್ಬರ ಮುಂದೆ ಚಾಚಿದ್ದ.

ಕನ್ನಮ್ಮ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಇನ್ನೂ ಪೂರ್ತಿ ಇಳಿದಿಲ್ಲ ನೋಡಿ. ಮೈಮೇಲೆ ಬಂದೋರಿಗೆ ತಾವೇನಂದ್ವಿ ಅಂತ ಗೊತ್ತಿರಾದಿಲ್ಲ. ನಮ್ಮನೆಯೋರೂ ಹಿಂಗೇ, ಇಳಿದ್ಮೇಲೆ ನಾನಲ್ಲ ನಾನಲ್ಲ ಅಂತಿದ್ರು. ಮನೆಗೆ ಹೋಗಿ ಒಂದಿಷ್ಟು ಎಳನೀರು ಕುಡೀರಿ."

ಮುಂದಿನ ಲಾರಿಗಳು ಹೊರಟಿದ್ದವು. ಇವಳನ್ನು ನಂಬಿಸುವುದಕ್ಕೆ ತನ್ನಲ್ಲಿ ಇನ್ನೇನು ಉಳಿದಿದೆ? ಅಂಜನಪ್ಪ ಅಂಗಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿ, ಸುತ್ತಿದ್ದ ಬಟ್ಟೆಯನ್ನು ಕೆಳಕ್ಕೆ ಎಳೆದ.

"ಬನದೊಳಗೂ ಇತ್ತು," ಎಂದ. "ಅಮ್ಮನ ಮುಂದೆ ನಿಂತಾಗ್ಲೂ ಇತ್ತು."

ಅವಳು ನೋಡಿದಳು. ಲಾರಿ ಒಮ್ಮೆ ಕುಲುಕಿ ಮುಂದಕ್ಕೆ ಹೊರಳಿತು. ಕನ್ನಮ್ಮ ಅವಸರದಿಂದ ಸೆರಗು ಎಳೆದು ಕಲ್ಲಿನ ಮುಖ ಮುಚ್ಚಿದಳು, ಮುಚ್ಚಿದ್ದರ ಮೇಲೆ ಅಂಗೈಯನ್ನೂ ಇಟ್ಟಳು, ಆಮೇಲೆ ಅವನ ಕಡೆಗೆ ಬೆನ್ನು ಮಾಡಿ ಕೂತಳು.